104ನೇ ಮೈಲಿನ ಗೇಜ್ ಮತ್ತು ಪೆಂಟಿಯಂನ ಗುಟ್ಟು

ನಮ್ಮ ಮಾನ್ವಿ ಕಡೆ ಬೆಳೆ ಒಣಗೋ ಹೊತ್ತಿಗೆ ಇಬ್ಬರು ರೈತರು ಎದುರಾದರೆ ಮಳೆ ಬಂತಾ ಅಂತ ಕೇಳೋದಿಲ್ಲ. “ಮೈಲ್ 104ಕ್ಕ ಗೇಜ್ ಎಷ್ಟದ?” ಅಂತ ಕೇಳ್ತಾರೆ. ತುಂಗಭದ್ರಾ ಎಡದಂಡೆ ನಾಲೆಯ ಉದ್ದ ಸುಮಾರು 227 ಕಿ.ಮೀ. ಮಾನ್ವಿ, ರಾಯಚೂರು ಅದರ ಕೊನೆಭಾಗ. ಡ್ಯಾಮ್ ತುಂಬಿದ ಸುದ್ದಿ ಪೇಪರಿನಲ್ಲಿ ಬರುತ್ತೆ, ಹೊಲಕ್ಕೆ ನೀರು ಬರೋದಿಲ್ಲ. ನಡುವೆ ಎಲ್ಲಿ ಹೋಯ್ತು? ಅದನ್ನು ಹೇಳೋದು ನಾಲೆಯ ನಡುನಡುವೆ ಇರುವ ಗೇಜ್ ಮಾತ್ರ.

ನಾನು ಗಣಕದ ಪ್ರೊಸೆಸರ್ ಬಗ್ಗೆ ಓದುವಾಗೆಲ್ಲ ಈ ಗೇಜ್ ನೆನಪಾಗುತ್ತೆ. ಯಾಕೆ ಅಂತ ಹೇಳ್ತೀನಿ.

ರಾಯಚೂರು ನಗರದ ನಲ್ಲಿಯನ್ನೇ ತಗೊಳ್ಳಿ. ನಲ್ಲಿ ತಿರುಗಿಸಿದ ಕೂಡಲೇ ಡ್ಯಾಮಿನಿಂದ ನೀರು ಓಡಿ ಬರೋದಿಲ್ಲ. ದೇವದುರ್ಗ ತಾಲ್ಲೂಕಿನ ಗಣೇಕಲ್ ಜಲಾಶಯ, ಊರಿನ ಹತ್ತಿರದ ರಾಂಪುರ ಕೆರೆ... ಹೀಗೆ ನಡುವೆ ತುಂಬಿಸಿಟ್ಟುಕೊಂಡಿರ್ತಾರೆ. ಪ್ರೊಸೆಸರಿನ ಒಳಗಿರುವ ಕ್ಯಾಶ್ ಕೂಡ ಇಂಥದೇ ಕೆರೆ. ಬೇಕಾದ ಅಂಕಿ ಅದರಲ್ಲಿ ಸಿಕ್ಕರೆ ಕೆಲವೇ ಗಡಿಯಾರ ಬಡಿತ ಸಾಕು. ಸಿಗದೆ ಮುಖ್ಯ ಮೆಮೊರಿವರೆಗೆ ಹೋದರೆ ನೂರಾರು ಬಡಿತ ಕಾಯಬೇಕು. ದೊಡ್ಡ ಕೋಷ್ಟಕವೊಂದನ್ನು ಅಡ್ಡಸಾಲಿನಲ್ಲಿ ಜೋಡಿಸಿಟ್ಟಿದ್ದೀರಿ ಅನ್ನಿ. ಅಡ್ಡಸಾಲಿನಲ್ಲೇ ಕೂಡಿದರೂ, ಕಂಬಸಾಲಿನಲ್ಲಿ ಕೂಡಿದರೂ ಲೆಕ್ಕ ಅಷ್ಟೇ, ಉತ್ತರವೂ ಅದೇ. ಆದರೆ ಎರಡನೆಯದು ಎಷ್ಟೋ ಪಟ್ಟು ನಿಧಾನ. ಕೈಗಡಿಯಾರ ‘ತಡವಾಯ್ತು’ ಅನ್ನುತ್ತೆ ಅಷ್ಟೇ. ‘ಎಷ್ಟು ಸಲ ಕೆರೆ ಬರಿದಾಗಿತ್ತು’ ಅಂತ ಹೇಳೋಕೆ ಪ್ರೊಸೆಸರಿನ ಒಳಗೇ ಒಂದು ಎಣಿಕೆ ಬೇಕು.

ಈ ಎಣಿಕೆಯ ಕಥೆ ಹಳೆಯದು. 1960-70ರ ದಶಕಗಳಲ್ಲಿ ಮೇನ್‌ಫ್ರೇಮಿನ ತಂತಿಗಳಿಗೆ ಹೊರಗಿನಿಂದ ಬೇರೆ ಪೆಟ್ಟಿಗೆ ಸಿಕ್ಕಿಸಿ ಎಣಿಸುತ್ತಿದ್ದರು. 1980ರ ದಶಕದ ಕ್ರೇ ಎಕ್ಸ್-ಎಂಪಿ ಸೂಪರ್ ಕಂಪ್ಯೂಟರಿನಲ್ಲಿ ಎಣಿಕೆ ಯಂತ್ರದ ಒಳಗೇ ಬಂತು. 1993ರಲ್ಲಿ ಇಂಟೆಲ್‌ನ ಪೆಂಟಿಯಂ ಬಂದಾಗ ಮೇಜಿನ ಮೇಲಿನ ಗಣಕದಲ್ಲೂ 40 ಬಿಟ್‌ಗಳ ಎರಡು ಕೌಂಟರ್ ಕೂತಿದ್ದವು. ಕ್ಯಾಶ್ ತಪ್ಪಿದ್ದು, ಕವಲು ಊಹೆ ತಪ್ಪಿದ್ದು... ಹತ್ತಾರು ಬಗೆಯ ಘಟನೆಗಳಲ್ಲಿ ಒಮ್ಮೆಗೆ ಎರಡನ್ನು ಆರಿಸಿ ಎಣಿಸಬಹುದಿತ್ತು.

ಆದರೆ ಓದೋದು ಹೇಗೆ ಅಂತ ಕೈಪಿಡಿಯಲ್ಲಿ ಇರಲಿಲ್ಲ! ‘ಅನುಬಂಧ ಎಚ್ ನೋಡಿ’ ಅಂತಿತ್ತು. ಆ ಅನುಬಂಧ ಸಿಗುತ್ತಿದ್ದದ್ದು ಗುಟ್ಟು ಕಾಯುವ ಒಪ್ಪಂದಕ್ಕೆ ಸಹಿ ಹಾಕಿದವರಿಗೆ ಮಾತ್ರ. ದುಡ್ಡು ಕೊಟ್ಟು ಕೊಂಡ ಯಂತ್ರ, ಅದರೊಳಗೇ ಗೇಜ್, ಆದರೆ ಗೇಜ್ ಕೋಣೆಗೆ ಬೀಗ. ನಾರ್ವೆಯ ಟೆರ್ಯೆ ಮಾಥಿಸೆನ್ ಎಂಬ ಪ್ರೋಗ್ರಾಮರ್ ತಾನೇ ಕೆದಕಿ ಕಂಡುಹಿಡಿದು, 1994ರ ಜುಲೈ ಬೈಟ್ ಪತ್ರಿಕೆಯಲ್ಲಿ ಬರೆದುಬಿಟ್ಟ. ಮುಂದೆ 1995ರಲ್ಲಿ ಬಂದ ಪೆಂಟಿಯಂ ಪ್ರೊ ಹೊತ್ತಿಗೆ ಇಂಟೆಲ್‌ನ ಕೈಪಿಡಿಯಲ್ಲೇ ಕೌಂಟರ್‌ಗಳ ವಿವರ ಬಹಿರಂಗವಾಗಿ ಬಂತು.

ಆಮೇಲೂ ಲಿನಕ್ಸ್ ಬಳಸುವವರು ಬಹುಕಾಲ ಬೇರೆಬೇರೆ ತೇಪೆ ಹಚ್ಚಿಕೊಂಡೇ ಇದ್ದರು. 2009ರ ಸೆಪ್ಟೆಂಬರಿನ 2.6.31 ಆವೃತ್ತಿಯಲ್ಲಿ ‘ಪರ್ಫ್’ ಬಂದಮೇಲೆ ಒಂದೇ ಆಜ್ಞೆಗೆ ಎಣಿಕೆ ಕೈಗೆ ಸಿಕ್ಕಿತು. ಅಷ್ಟರಲ್ಲಿ ನಮ್ಮ ಬೆಂಗಳೂರಿನ ಎಂಜಿನಿಯರುಗಳು ವಿನ್ಯಾಸ ಮಾಡಿದ ಇಂಟೆಲ್‌ನ ಆರು ಕೋರ್‌ಗಳ ‘ಡನ್ನಿಂಗ್ಟನ್’ ಕೂಡ (2008) ಹೊರಬಂದಿತ್ತು. ಅಂದರೆ ನಾಲೆಯೂ ನಮ್ಮವರದೇ, ಗೇಜೂ ನಮ್ಮವರದೇ ಅನ್ನೋ ಕಾಲ.

ಈಗ? ಬಾಡಿಗೆಗೆ ತಗೊಳ್ಳುವ ಕ್ಲೌಡ್ ಯಂತ್ರಗಳಲ್ಲಿ ಅನೇಕ ಕಡೆ ಈ ಕೌಂಟರ್‌ಗಳು ಮತ್ತೆ ಮುಚ್ಚಿವೆ. ಪಕ್ಕದ ಬಾಡಿಗೆದಾರನ ಗುಟ್ಟು ಎಣಿಕೆಯಿಂದ ಸೋರಬಹುದು ಅನ್ನೋದು ಒಂದು ಕಾರಣ. ಅದು ಸುಳ್ಳಲ್ಲ. ಆದರೂ ನನಗೆ ಮಾನ್ವಿಯ ಮಾಮ ಹೇಳುತ್ತಿದ್ದ ಮಾತೇ ನೆನಪಾಗುತ್ತೆ: “ನೀರು ಕಡಿಮಿ ಬಂದ್ರ ತಡಕೋಬಹುದಪ್ಪ. ಎಷ್ಟು ಬಿಟ್ಟಾರ, ಎಲ್ಲಿ ಹೋತು ಅಂತ ಹೇಳದಿದ್ರ ಹ್ಯಾಂಗ ತಡಕೋಬೇಕು?”

ಗೇಜ್ ಇದ್ದರೆ ಸಾಲದು. ಕೊನೆಭಾಗದವನಿಗೂ ಅದು ಕಾಣಬೇಕು. ನಿಮ್ಮ ಗಣಕದಲ್ಲಿ ಲಿನಕ್ಸ್ ಇದ್ದರೆ ಇವತ್ತು ಒಮ್ಮೆ ಪರ್ಫ್ ಓಡಿಸಿ ನೋಡಿ. ಗೇಜ್ ಎಷ್ಟದ?