ಮೈಕ್ರೊಮಾಟ ವಿರೆಸೆನ್ಸ್: ಚಿಕ್ಕ ಬೇಟೆಗಾರ ಜೇಡವೊಂದರ ಮೈಕಟ್ಟು ಮತ್ತು ಬಣ್ಣ

ಬೇಟೆಗಾರ ಜೇಡ (ಹಂಟ್ಸ್‌ಮನ್) ಎಂದರೆ ನಮಗೆ ಕಣ್ಣಿಗೆ ಕಟ್ಟುವುದು ಬಚ್ಚಲುಮನೆಯ ಗೋಡೆಗೆ ಚಪ್ಪಟೆಯಾಗಿ ಅಂಟಿ ಕೂತ, ಅಂಗೈಯಗಲದ ಕಂದು ಜೇಡ, ಅಂದರೆ ಹೆಟೆರೊಪೋಡ ವೆನಟೋರಿಯ. ಇದು ಸ್ಪಾರಾಸಿಡೆ ಕುಟುಂಬಕ್ಕೆ ಸೇರಿದ್ದು. 2001ರಲ್ಲಿ ಪೀಟರ್ ಯೇಗರ್ ಲಾವೋಸ್‌ನಿಂದ ವರ್ಣಿಸಿದ ಹೆಟೆರೊಪೋಡ ಮ್ಯಾಕ್ಸಿಮ ಇದೇ ಕುಟುಂಬದ್ದು. ಅದರ ಕಾಲುಗಳ ಹರವು ಸುಮಾರು 30 ಸೆಂ.ಮೀ. ಈ ದೊಡ್ಡ ನೆಂಟರ ನಡುವೆ ಯುರೋಪಿನ ಹುಲ್ಲುಗಾವಲು, ತೇವದ ಕಾಡಂಚುಗಳಲ್ಲಿ ಬದುಕುವ ಮೈಕ್ರೊಮಾಟ ವಿರೆಸೆನ್ಸ್ ತೀರ ಪುಟ್ಟದು: ಹೆಣ್ಣಿನ ದೇಹದ ಉದ್ದ ಸಾಮಾನ್ಯವಾಗಿ 12ರಿಂದ 15 ಮಿ.ಮೀ., ಗಂಡಿನದು 8ರಿಂದ 10 ಮಿ.ಮೀ.

ಈ ಅಳತೆಯನ್ನು ಓದುವಾಗ ಎಚ್ಚರ ಬೇಕು. ಜೇಡಶಾಸ್ತ್ರದಲ್ಲಿ ದೇಹದ ಉದ್ದವೆಂದರೆ ಶಿರವಕ್ಷ ಮತ್ತು ಉದರದ ಉದ್ದ, ಕಾಲು ಲೆಕ್ಕಕ್ಕಿಲ್ಲ. ಜನಪ್ರಿಯ ಬರಹಗಳು ಒಂದು ಪ್ರಭೇದದ ಕಾಲಿನ ಹರವನ್ನು ಇನ್ನೊಂದರ ದೇಹದ ಉದ್ದದೊಡನೆ ಹೋಲಿಸಿಬಿಡುತ್ತವೆ. ಮೇಲಾಗಿ ಉದರ ಮೆತ್ತಗಿನ ಭಾಗ. ಹೊಟ್ಟೆ ತುಂಬಿದಾಗ, ಮೊಟ್ಟೆ ಕಟ್ಟಿದಾಗ ಉಬ್ಬುತ್ತದೆ. ಶಿರವಕ್ಷದ ಗಟ್ಟಿ ಕವಚ ಒಮ್ಮೆ ಪೊರೆ ಬಿಟ್ಟ ಮೇಲೆ ಮುಂದಿನ ಪೊರೆಯವರೆಗೆ ಬೆಳೆಯುವುದಿಲ್ಲ. ಆದ್ದರಿಂದ ಗಾತ್ರ ಹೋಲಿಸಲು ಕವಚದ ಅಗಲವೇ ಹೆಚ್ಚು ನಂಬಿಕೆಗೆ ಅರ್ಹ ಎಂಬುದು ನನ್ನ ನಿಲುವು.

ಗಾತ್ರ ಕಿರಿದಾದರೂ ಕುಟುಂಬದ ಲಕ್ಷಣಗಳು ಇದರಲ್ಲಿ ಸ್ಪಷ್ಟ. ಎಂಟು ಕಣ್ಣುಗಳು ನಾಲ್ಕು ನಾಲ್ಕರಂತೆ ಎರಡು ಸಾಲಿನಲ್ಲಿದ್ದು, ಸುತ್ತ ಬಿಳಿ ಕೂದಲಿನ ಅಂಚಿದೆ. ಕಾಲುಗಳು ಏಡಿಯಂತೆ ಪಕ್ಕಕ್ಕೆ ಹೊರಳಿರುವುದರಿಂದ ಮೈಯನ್ನು ಎಲೆಗೆ ಒತ್ತಿಟ್ಟುಕೊಳ್ಳಬಲ್ಲದು. ಕಾಲಿನ ಕೊನೆಯ ಎರಡು ಖಂಡಗಳು ಕೂಡುವಲ್ಲಿ ಮೂರು ಹಾಲೆಗಳ ಮೆತ್ತನೆಯ ಪೊರೆಯೊಂದಿದೆ; ಪಾದ ಸಲೀಸಾಗಿ ಬಾಗಲು ಅದೇ ಕಾರಣ, ಕುಟುಂಬದ ಗುರುತೂ ಅದೇ. ಇದು ಬಲೆ ನೇಯದು. ಎಲೆಯ ಮೇಲೆ ಅಲ್ಲಾಡದೆ ಕಾದಿದ್ದು, ಹತ್ತಿರ ಸುಳಿದ ಕೀಟದ ಮೇಲೆ ಎರಗುತ್ತದೆ.

ನಿಜವಾದ ಕುತೂಹಲವಿರುವುದು ಬಣ್ಣದಲ್ಲಿ. ಹೆಣ್ಣು ಎಳೆ ಹುಲ್ಲಿನ ಹಸಿರು. ಉದರದ ಬೆನ್ನಿನ ಮೇಲೆ, ಹೃದಯವಿರುವ ಕಡೆ, ತಿಳಿಹಳದಿ ಅಂಚಿನ ಗಾಢ ಹಸಿರು ಪಟ್ಟೆ. ಈ ಹಸಿರು ಎಲೆಯ ಹರಿತ್ತಲ್ಲ, ಹೊರಚರ್ಮಕ್ಕೆ ಬಳಿದದ್ದೂ ಅಲ್ಲ. ದೇಹದ್ರವದಲ್ಲಿ, ಅಂಗಾಂಶಗಳ ನಡುವೆ, ಬೆಳೆಯುತ್ತಿರುವ ಮೊಟ್ಟೆಗಳ ಭಂಡಾರದಲ್ಲಿಯೂ ಇರುವ ಮೈಕ್ರೊಮಾಟಬಿಲಿನ್ ಎಂಬ ವರ್ಣದ್ರವ್ಯ ಇದರ ಮೂಲ. ರಾಸಾಯನಿಕವಾಗಿ ಅದು ಬಿಲಿವರ್ಡಿನ್‌ನ ಒಂದು ರೂಪ. ನಮ್ಮ ಮೈಮೇಲೆ ಪೆಟ್ಟಾದ ಜಾಗ ಕೆಲವು ದಿನಗಳಲ್ಲಿ ಹಸಿರಾಗಲು ಕಾರಣವಾಗುವುದೂ ಬಿಲಿವರ್ಡಿನ್ನೇ. ಹಸಿರು ಒಳಗಿನಿಂದ ಕಾಣುತ್ತಿರುವುದರಿಂದಲೇ ಜೇಡಕ್ಕೆ ಆ ಪಾರದರ್ಶಕ ಹೊಳಪು.

ಗಂಡಿನ ಕತೆ ಬೇರೆ. ಕೊನೆಯ ಪೊರೆ ಬಿಡುವವರೆಗೆ ಅದೂ ಹೆಣ್ಣಿನಂತೆಯೇ ಹಸಿರು. ಪ್ರೌಢವಾದೊಡನೆ ಉದರ ಹಳದಿಗೆ ತಿರುಗಿ, ನಡುವೆ ಕಡುಗೆಂಪು ಪಟ್ಟೆ ಮೂಡುತ್ತದೆ. ಜೋಡಿ ಹುಡುಕುತ್ತ ಅಲೆಯುವ ಕಾಲದಲ್ಲಿ ಇದು ಮರೆ ಕಳೆದುಕೊಳ್ಳುವುದೇಕೆಂಬ ಪ್ರಶ್ನೆಗೆ ಸುಲಭದ ಉತ್ತರ ಕೊಡಲು ನಾನು ಸಿದ್ಧನಿಲ್ಲ.

ಈ ಬಣ್ಣಭೇದದ ನೆರಳು ಹೆಸರುಗಳ ಮೇಲೂ ಬಿದ್ದಿದೆ. ಸ್ವೀಡನ್ನಿನ ಕಾರ್ಲ್ ಕ್ಲೆರ್ಕ್ 1757ರ ತನ್ನ ಜೇಡಗ್ರಂಥದಲ್ಲಿ ಅರೇನಿಯಸ್ ವಿರೆಸೆನ್ಸ್ (ಹಸಿರಾಗುವ), ಅರೇನಿಯಸ್ ರೋಸಿಯಸ್ (ಗುಲಾಬಿ ಬಣ್ಣದ) ಎಂದು ಎರಡು ಜೇಡಗಳನ್ನು ಹೆಸರಿಸಿದ. ಎರಡೂ ಒಂದೇ ಪ್ರಭೇದವೆಂದು ಆಮೇಲೆ ತಿಳಿಯಿತು. ರೋಸಿಯಸ್ ಹೆಸರೂ ಬಹುಕಾಲ ಬಳಕೆಯಲ್ಲಿತ್ತು. ಈಗ ಉಳಿದಿರುವುದು ವಿರೆಸೆನ್ಸ್. ಪ್ರಾಣಿಗಳ ವೈಜ್ಞಾನಿಕ ನಾಮಕರಣ ಲಿನೇಯಸ್‌ನ 1758ರ ಕೃತಿಯಿಂದ ಆರಂಭವಾಗುತ್ತದೆ. ಅದಕ್ಕೂ ಹಿಂದಿನದಾಗಿದ್ದು ಮಾನ್ಯತೆ ಪಡೆದಿರುವುದು ಕ್ಲೆರ್ಕ್‌ನ ಗ್ರಂಥವೊಂದೇ.

ಹೆಣ್ಣು ಬೇಸಿಗೆಯಲ್ಲಿ ಎಲೆಗಳನ್ನು ರೇಷ್ಮೆ ನೂಲಿನಿಂದ ಹೆಣೆದು ಗೂಡು ಮಾಡಿ, ಮೊಟ್ಟೆಗಳ ಕಾವಲಿಗೆ ಒಳಗೇ ಉಳಿಯುತ್ತದೆ. ಮರಿಗಳು ಪ್ರೌಢಾವಸ್ಥೆಗೆ ಬರುವ ಮೊದಲೇ ಚಳಿಗಾಲ ಕಳೆಯುತ್ತವೆ.

ಆಲ್ಕೋಹಾಲಿನಲ್ಲಿ ಇಟ್ಟ ಮಾದರಿಯಲ್ಲಿ ಹಸಿರು ಮಾಸಿ, ಜೇಡ ಪೇಲವ ಹಳದಿಯಾಗುತ್ತದೆ. ಹಾಗಾಗಿ ಸಂಗ್ರಹಾಲಯದ ಸೀಸೆಯೊಂದನ್ನೇ ನೋಡಿ ಬರೆದ ವರ್ಣನೆ ಅಪೂರ್ಣ. ಫೋಟೋ ಒಂದನ್ನೇ ನಂಬಿ ಪ್ರಭೇದ ಹೇಳುವುದೂ ಅಷ್ಟೇ ಅಪಾಯ. ಮೆಡಿಟರೇನಿಯನ್ ಪ್ರದೇಶದ ಮೈಕ್ರೊಮಾಟ ಲಿಗುರಿನ ಕೂಡ ಹಸಿರೇ. ಅಂತಿಮ ನಿರ್ಣಯಕ್ಕೆ ಗಂಡಿನ ಸ್ಪರ್ಶಪಾದದ ತುದಿಯನ್ನೂ ಹೆಣ್ಣಿನ ಜನನಾಂಗ ಫಲಕವನ್ನೂ ಸೂಕ್ಷ್ಮದರ್ಶಕದಡಿ ನೋಡಲೇಬೇಕು.

ನಮ್ಮ ದಕ್ಷಿಣ ಭಾರತದಲ್ಲಿಯೂ ಹಸಿರು ಛಾಯೆಯ ಬೇಟೆಗಾರ ಜೇಡಗಳಿವೆ. ಅವು ಓಲಿಯೋಸ್ ಎಂಬ ಬೇರೆ ಕುಲದವು. ಎಲೆಗಳ ನಡುವೆ ಅಂಥ ಜೇಡ ಕಂಡವರು ಅದು ಜೀವಂತವಿರುವಾಗಲೇ ಬಣ್ಣವನ್ನೂ ದೇಹದ ಉದ್ದ, ಕಾಲಿನ ಹರವುಗಳನ್ನೂ ಬೇರೆಬೇರೆಯಾಗಿ ಬರೆದಿಟ್ಟುಕೊಳ್ಳಬೇಕೆಂದು ಕೋರುತ್ತೇನೆ. ದಿನಾಂಕ, ಸ್ಥಳ ಮತ್ತು ಕೂತಿದ್ದ ಗಿಡದ ಹೆಸರನ್ನೂ ಜೊತೆಗೆ ಸೇರಿಸಿ.