ತಂತ್ರಾಂಶ ಯೋಜನೆಗಳಲ್ಲಿ ಅಗತ್ಯಗಳ ನಿರ್ವಹಣೆ: ಇತಿಹಾಸ

ತಂತ್ರಾಂಶವೊಂದು ಏನೇನು ಮಾಡಬೇಕೆಂದು ಬಳಸುವವರಿಂದ ತಿಳಿದು, ಬರೆದಿಟ್ಟು, ಕೆಲಸ ಮುಗಿಯುವತನಕ ಅದರಲ್ಲಾಗುವ ಬದಲಾವಣೆಗಳ ಲೆಕ್ಕವಿಡುವುದೇ ಅಗತ್ಯಗಳ ನಿರ್ವಹಣೆ. ಐಟಿ ಕಚೇರಿಗಳಲ್ಲಿ ಇದಕ್ಕೆ ರಿಕ್ವೈರ್‌ಮೆಂಟ್ ಮ್ಯಾನೇಜ್‌ಮೆಂಟ್ ಎಂದೇ ಹೆಸರು.

ದೊಡ್ಡ ತಂತ್ರಾಂಶಗಳು ಗಡುವನ್ನೂ ಖರ್ಚಿನ ಅಂದಾಜನ್ನೂ ಮೀರುತ್ತಿರುವ ಸಂಗತಿ 1968ರಲ್ಲಿ ಜರ್ಮನಿಯ ಗಾರ್ಮಿಶ್‌ನಲ್ಲಿ ನಡೆದ ನ್ಯಾಟೋ ಸಮ್ಮೇಳನದಲ್ಲಿ ಬಹಿರಂಗ ಚರ್ಚೆಗೆ ಬಂತು. 1970ರಲ್ಲಿ ವಿನ್‌ಸ್ಟನ್ ರಾಯ್ಸ್ ತಮ್ಮ ಪ್ರಬಂಧದಲ್ಲಿ ಅಗತ್ಯ, ವಿನ್ಯಾಸ, ಕೋಡಿಂಗ್, ಪರೀಕ್ಷೆಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಚಿತ್ರಿಸಿದರು. ಮುಂದೆ ವಾಟರ್‌ಫಾಲ್ ಎನಿಸಿಕೊಂಡದ್ದು ಇದೇ. ಈ ಕ್ರಮವನ್ನು ಇದ್ದಂತೆಯೇ ಪಾಲಿಸಿದರೆ ಅಪಾಯವೆಂದು ರಾಯ್ಸ್ ಅಲ್ಲೇ ಎಚ್ಚರಿಸಿದ್ದರು. ಉದ್ಯಮ ಚಿತ್ರವನ್ನು ಇಟ್ಟುಕೊಂಡು ಎಚ್ಚರಿಕೆಯನ್ನು ಬಿಟ್ಟಿತು.

ಹಾಗೆಂದು ಅಗತ್ಯಗಳನ್ನು ಮೊದಲೇ ಬರೆದಿಡುವುದೇ ವ್ಯರ್ಥವೆನ್ನಲಾಗದು. 1978ರಲ್ಲಿ ಅಮೆರಿಕದ ನೌಕಾ ಸಂಶೋಧನಾ ಪ್ರಯೋಗಾಲಯದ ಕ್ಯಾಥರಿನ್ ಹೆನಿಂಜರ್, ಡೇವಿಡ್ ಪಾರ್ನಸ್ ಮತ್ತು ಸಂಗಡಿಗರು ಎ-7 ಯುದ್ಧವಿಮಾನದ ತಂತ್ರಾಂಶದ ಅಗತ್ಯಗಳನ್ನು ಕೋಷ್ಟಕಗಳಲ್ಲಿ ಬರೆದರು. ಯಾವ ಸ್ಥಿತಿಯಲ್ಲಿ ಯಾವ ಫಲ ಬರಬೇಕೆಂಬುದಕ್ಕೆ ಒಂದೊಂದು ಮನೆ. ಉದ್ದದ ವಾಕ್ಯಗಳಲ್ಲಿ ಅಡಗಿಕೊಳ್ಳುವ ಲೋಪ ಇಲ್ಲಿ ಖಾಲಿ ಮನೆಯಾಗಿ ಎದ್ದು ಕಾಣುತ್ತಿತ್ತು.

ಆರಂಭದಲ್ಲಿ ನುಸುಳಿದ ತಪ್ಪನ್ನು ಕೊನೆಯಲ್ಲಿ ತಿದ್ದಲು ಹಲವು ಪಟ್ಟು ವೆಚ್ಚವಾಗುತ್ತದೆಂದು ಬ್ಯಾರಿ ಬೋಮ್ 1981ರ ಪುಸ್ತಕದಲ್ಲಿ ವಾದಿಸಿದರು. 1984ರಲ್ಲಿ ಅಗತ್ಯಗಳ ದಾಖಲೆ ಹೇಗಿರಬೇಕೆಂದು ಹೇಳುವ ಐಇಇಇ 830 ಮಾರ್ಗಸೂಚಿ ಬಂತು. ತಂತ್ರಾಂಶ ಸಂಸ್ಥೆಗಳ ಕಾರ್ಯಪದ್ಧತಿಯನ್ನು ಹಂತಗಳಲ್ಲಿ ಅಳೆಯುವ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸಿಎಂಎಂ ಮಾದರಿ 1990ರ ದಶಕದಲ್ಲಿ ಅಗತ್ಯಗಳ ನಿರ್ವಹಣೆಯನ್ನು ಎರಡನೆಯ ಹಂತದಲ್ಲೇ ಕಡ್ಡಾಯ ಮಾಡಿತು. ಆ ಮಾದರಿಯ ತುತ್ತತುದಿಯಾದ ಐದನೆಯ ಹಂತವನ್ನು ಜಗತ್ತಿನಲ್ಲಿ ಮೊದಮೊದಲಿಗೆ ಮುಟ್ಟಿದವುಗಳಲ್ಲಿ ಬೆಂಗಳೂರಿನ ಮೋಟೊರೋಲ ಘಟಕವೂ ಒಂದು.

ಪುಟ ಹೆಚ್ಚಿದ ಮಾತ್ರಕ್ಕೆ ಹಿಡಿತ ಹೆಚ್ಚುವುದಿಲ್ಲವೆಂಬುದಕ್ಕೆ ಎಫ್‌ಬಿಐನ ವರ್ಚುವಲ್ ಕೇಸ್ ಫೈಲ್ ಸಾಕ್ಷಿ. ತನಿಖಾ ಕಡತಗಳನ್ನು ಕಂಪ್ಯೂಟರಿಗೆ ತರಬೇಕಿದ್ದ ಈ ಯೋಜನೆಯ ಸ್ವರೂಪವೇ 2001ರ ಸೆಪ್ಟೆಂಬರ್ ದಾಳಿಯ ನಂತರ ಬದಲಾಯಿತು. 800ಕ್ಕೂ ಹೆಚ್ಚು ಪುಟಗಳ ಅಗತ್ಯಗಳ ದಾಖಲೆ ಸಿದ್ಧವಾಯಿತು. ಪರದೆಯ ಮೇಲೆ ಯಾವ ಗುಂಡಿ ಎಲ್ಲಿರಬೇಕು ಎನ್ನುವಂಥ ವಿವರಗಳೂ ಅದರಲ್ಲಿದ್ದವು. ಅದು ಮುಗಿದ ಮೇಲೂ ಬದಲಾವಣೆಯ ಕೋರಿಕೆಗಳು ನೂರಾರು ಬಂದವು. ಸುಮಾರು 17 ಕೋಟಿ ಡಾಲರ್ ಖರ್ಚಾದ ಬಳಿಕ, 2005ರಲ್ಲಿ ಯೋಜನೆಯನ್ನು ಕೈಬಿಡಲಾಯಿತು.

ಅಷ್ಟರಲ್ಲಿ ಬೇರೆ ದಾರಿ ತೆರೆದಿತ್ತು. ಕೆಂಟ್ ಬೆಕ್ ಕ್ರೈಸ್ಲರ್ ಕಂಪನಿಯ ಸಂಬಳ ಪಾವತಿ ತಂತ್ರಾಂಶದಲ್ಲಿ ಅಗತ್ಯಗಳನ್ನು ಯೂಸರ್ ಸ್ಟೋರಿಗಳಾಗಿ ಸಣ್ಣ ಕಾರ್ಡುಗಳ ಮೇಲೆ ಬರೆಸಿದರು. ವಿವರ ಬೇಕಾದಾಗ ಬಳಕೆದಾರರನ್ನೇ ಕೇಳುವುದು. ಅದೂ ಸಲೀಸಾಗಿ ಸಾಗಲಿಲ್ಲ, 2000ದಲ್ಲಿ ಆ ಯೋಜನೆ ನಿಂತೇಹೋಯಿತು. ಆದರೂ ಪದ್ಧತಿ ಉಳಿಯಿತು. 2001ರಲ್ಲಿ ಯೂಟಾದಲ್ಲಿ ಸೇರಿದ 17 ಮಂದಿ ಇಂಥ ಹಗುರ ಪದ್ಧತಿಗಳ ಪರವಾಗಿ ಅಜೈಲ್ ಪ್ರಣಾಳಿಕೆ ಹೊರಡಿಸಿದರು. ಎಫ್‌ಬಿಐ ಕೂಡ ಮುಂದಿನ ಯೋಜನೆಯಾದ ಸೆಂಟಿನಲ್ ಕುಂಟತೊಡಗಿದಾಗ, 2010ರಲ್ಲಿ ಅದನ್ನು ತಾನೇ ವಹಿಸಿಕೊಂಡು ಅಜೈಲ್ ವಿಧಾನದಲ್ಲಿ 2012ಕ್ಕೆ ಬಳಕೆಗೆ ತಂದಿತು.

ಕಾರ್ಡುಗಳು ಎಲ್ಲ ಕಡೆ ಸಾಲವು. ವಿಮಾನ ತಂತ್ರಾಂಶಕ್ಕೆ ಅನ್ವಯಿಸುವ ಡಿಒ-178ಸಿ ಮಾನದಂಡದಂತೆ ಪ್ರತಿ ಅಗತ್ಯವೂ ಯಾವ ಕೋಡ್‌ನಲ್ಲಿ ಇಳಿದಿದೆ, ಯಾವ ಪರೀಕ್ಷೆಯಲ್ಲಿ ಪಾಸಾಗಿದೆ ಎಂಬ ಜಾಡನ್ನು ಇಂದಿಗೂ ಬರಹದಲ್ಲೇ ತೋರಿಸಬೇಕು.