ದುನ್‌ಹುವಾಂಗ್ ಗ್ರಂಥಗಳ ಚದುರುವಿಕೆಯೂ ಕೂಡುವಿಕೆಯೂ

ಚೀನಾ ದೇಶದ ವಾಯವ್ಯದಲ್ಲಿ, ಗೋಬಿ ಮರುಭೂಮಿಯ ಅಂಚಿನಲ್ಲಿ, ದುನ್‌ಹುವಾಂಗ್ ಎಂಬ ಪ್ರಾಚೀನ ಪಟ್ಟಣವುಂಟು. ರೇಷ್ಮೆಯ ವರ್ತಕರೂ ಬೌದ್ಧ ಯಾತ್ರಿಕರೂ ತಂಗುತ್ತಿದ್ದ ಈ ಊರಿನ ಸಮೀಪದಲ್ಲಿ, ಬೆಟ್ಟದ ಕಡಿದಾದ ಮೈಯನ್ನು ಕೊರೆದು ಮಾಡಿದ ನೂರಾರು ಗುಹಾಲಯಗಳಿರುವುವು. 1900ರಲ್ಲಿ, ಅವುಗಳ ಪಾಲನೆಯಲ್ಲಿ ತೊಡಗಿದ್ದ ವಾಂಗ್ ಯುವಾನ್‌ಲು ಎಂಬ ತಾವೊ ಮತದ ಸಾಧುವಿಗೆ, ಗೋಡೆಯ ಹಿಂದೆ ಮುಚ್ಚಿಹೋಗಿದ್ದ ಕಿರುಕೋಣೆಯೊಂದು ಗೋಚರವಾಯಿತು. ಹನ್ನೊಂದನೆಯ ಶತಮಾನದಿಂದ ಬೆಳಕು ಕಾಣದಿದ್ದ ಆ ಕೋಣೆಯಲ್ಲಿ ಹತ್ತಾರು ಸಾವಿರ ಗ್ರಂಥಗಳೂ ಚಿತ್ರಪಟಗಳೂ ರಾಶಿರಾಶಿಯಾಗಿ ತುಂಬಿದ್ದುವು.

1907ರಲ್ಲಿ ಆರೆಲ್ ಸ್ಟೈನನು ಅಲ್ಲಿಗೆ ಬಂದು, ಅಲ್ಪ ದ್ರವ್ಯವನ್ನಿತ್ತು 24 ಪೆಟ್ಟಿಗೆ ಗ್ರಂಥಗಳನ್ನೂ 5 ಪೆಟ್ಟಿಗೆ ಚಿತ್ರಾದಿಗಳನ್ನೂ ಕೊಂಡೊಯ್ದನು. ಮರುವರ್ಷ ಫ್ರಾನ್ಸಿನ ಪಾಲ್ ಪೆಲಿಯೊ ಆಯ್ದಾಯ್ದು ಪ್ಯಾರಿಸ್ಸಿಗೆ ಸಾಗಿಸಿದನು. ಉಳಿದುದರಲ್ಲಿ ಬಹುಭಾಗವು 1910ರಲ್ಲಿ ಬೀಜಿಂಗಿಗೆ ಹೋಯಿತು. ತರುವಾಯ ಜಪಾನಿನವರೂ ರಷ್ಯದವರೂ ಬಂದು ದೊರೆತುದನ್ನು ಒಯ್ದರು. ಸ್ಟೈನನ ಯಾತ್ರೆಯ ವೆಚ್ಚದಲ್ಲಿ ಅಂದಿನ ಭಾರತ ಸರಕಾರದ ಪಾಲೂ ಇದ್ದುದರಿಂದ ಚಿತ್ರಪಟಗಳು ಲಂಡನ್ನಿಗೂ ದೆಹಲಿಗೂ ಹಂಚಿಹೋದುವು.

ಹೀಗೆ ಒಂದು ಕೋಣೆಯ ನಿಧಿಯು ಹಲವು ರಾಜಧಾನಿಗಳ ಪಾಲಾಯಿತು. ಒಂದೇ ಸುರುಳಿಯ ಆದಿಭಾಗ ಒಂದೆಡೆ, ಅಂತ್ಯಭಾಗ ಮತ್ತೊಂದೆಡೆ ಉಳಿದುದೂ ಉಂಟು. ಇದಲ್ಲದೆ ಲಂಡನ್ನಿನಲ್ಲಿ ಅವುಗಳಿಗೆ ಸ್ಟೈನನ ಹೆಸರಿನ ಅಂಕೆ. ಪ್ಯಾರಿಸ್ಸಿನಲ್ಲಿ ಪೆಲಿಯೊನ ಹೆಸರಿನ ಅಂಕೆ. ಬೀಜಿಂಗಿನಲ್ಲಾದರೋ, ಚೀನೀ ಮಕ್ಕಳು ಕಲಿಯುತ್ತಿದ್ದ ‘ಸಾವಿರ ಅಕ್ಷರಗಳ’ ಪಾಠದ ಅಕ್ಷರಗಳಿಂದ ಗುರುತು. ಒಡಹುಟ್ಟಿದವುಗಳಿಗೆ ಬೇರೆಬೇರೆ ಮನೆತನದ ಹೆಸರು ಬಿದ್ದಂತಾಗಿ, ಸಂಬಂಧವನ್ನು ಅರಿಯುವುದೇ ದುಸ್ತರವಾಯಿತು.

ಈ ಕೊರತೆಯನ್ನು ನೀಗಿಸಲು 1994ರಲ್ಲಿ ಬ್ರಿಟಿಷ್ ಲೈಬ್ರರಿಯನ್ನು ಕೇಂದ್ರವಾಗಿಟ್ಟುಕೊಂಡು ಅಂತರರಾಷ್ಟ್ರೀಯ ದುನ್‌ಹುವಾಂಗ್ ಯೋಜನೆಯು ಆರಂಭವಾಯಿತು; 1998ರಲ್ಲಿ ಅದು ಅಂತರಜಾಲದಲ್ಲಿ ತೆರೆಯಿತು. ಇದರ ಕ್ರಮವು ಸರಳವಾದುದು. ಯಾವ ಸಂಸ್ಥೆಯೂ ತನ್ನ ಹಳೆಯ ಅಂಕೆಯನ್ನು ಬಿಡಬೇಕಾಗಿಲ್ಲ. ಪ್ರತಿ ವಸ್ತುವಿನ ಛಾಯಾಚಿತ್ರದೊಡನೆ ದೊರೆತ ಸ್ಥಳ, ಭಾಷೆ, ಲಿಪಿ, ಆಕಾರ, ವಿಷಯ ಇವುಗಳನ್ನು ಸಮಾನವಾದ ಶಿರೋನಾಮಗಳಡಿ ಬರೆದಿಡುವರು. ಆ ಸಮಾನ ಪದಗಳೇ ಕೊಂಡಿಗಳಾಗುವುವು. ಕ್ರಿ. ಶ. 868ರ ಕಾಲವನ್ನು ಹೊತ್ತಿರುವ ವಜ್ರಚ್ಛೇದಿಕಾ ಸೂತ್ರದ ಮುದ್ರಿತ ಸುರುಳಿಯು ಲಂಡನ್ನಿನಲ್ಲಿದೆ. ಕಾಲ ನಮೂದಾಗಿರುವ ಸಂಪೂರ್ಣ ಮುದ್ರಿತ ಗ್ರಂಥಗಳಲ್ಲಿ ಅದೇ ಅತ್ಯಂತ ಪ್ರಾಚೀನವೆನಿಸಿದೆ. ಅದೇ ಸೂತ್ರದ ಕೈಬರೆಹದ ಪ್ರತಿಗಳು ಅನ್ಯನಗರಗಳಲ್ಲಿರುವುವು. ಸೂತ್ರದ ಹೆಸರಿನ ಕೊಂಡಿಯನ್ನು ಹಿಡಿದು ಹೋದವನಿಗೆ, ಒಂದೇ ಪಾಠವು ಅಚ್ಚಿನಲ್ಲಿಯೂ ಲೇಖಕನ ಕುಂಚದಲ್ಲಿಯೂ ಹೇಗೆ ಸಾಗಿತೆಂಬುದು ತಿಳಿಯುವುದು.

ಈ ಉಪಾಯಕ್ಕೆ ಮಿತಿಯೂ ಉಂಟು. ಯಾರೂ ವಿವರಿಸದ ತುಣುಕಿಗೆ ಬಂಧುಗಳಿಲ್ಲ. ವಿವರಣೆ ತಪ್ಪಿದರೆ ವಸ್ತುವು ಎರಡನೆಯ ಬಾರಿ ಕಳೆದುಹೋದಂತೆಯೇ ಸರಿ. ಛಾಯೆಗಳು ಒಂದೆಡೆ ಸೇರಿದ ಮಾತ್ರಕ್ಕೆ ಒಡೆತನದ ವಾದವು ತೀರಲಿಲ್ಲ. ತಮ್ಮ ನಿಧಿಯು ಅನ್ಯಾಯವಾಗಿ ಹೊರಗೆ ಹೋಯಿತೆಂಬ ಚೀನೀಯರ ಅಳಲು ಹಾಗೆಯೇ ಇದೆ. ಆದರೂ, ತನ್ನೂರಿನ ಗ್ರಂಥವನ್ನು ಓದಲು ದುನ್‌ಹುವಾಂಗಿನ ವಿದ್ಯಾರ್ಥಿಯು ಸಮುದ್ರವನ್ನು ದಾಟಿ ಅನುಮತಿ ಬೇಡಬೇಕಾಗಿದ್ದ ಕಾಲವು ಬಹುಮಟ್ಟಿಗೆ ಕಳೆಯಿತು. ವಸ್ತುವು ಮನೆಗೆ ಮರಳದಿದ್ದರೂ, ಅದರ ಅರಿವಾದರೂ ಮರಳುವ ದಾರಿ ತೆರೆದಿರುವುದು.